ಅರ್ಧ ತಾಸಿನ ಕ್ಯಾಸೆಟ್ಟು

ಕ್ಯಾಮೆರಾದ ಕೆಂಪು ಗುಂಡಿ ಒತ್ತುವ ಮೊದಲು ಗಟ್ಟಿಯಾಗಿ ಬಿಸ್ಮಿಲ್ಲಾ ಅನ್ನುವ ಶೂಟಿಂಗಿನವರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ಅವರು ನನ್ನ ಗಂಡನ ಅಕ್ಕ, ಖೈರುನ್ ಆಪಾ. ಮಾತು ಮುಗಿಯುವುದರೊಳಗೆ ಅವರ ಬೆರಳು ಗುಂಡಿಯ ಮೇಲಿರುತ್ತಿತ್ತು. ಹಾಗಾಗಿ ಅವರು ತೆಗೆದ ಕ್ಯಾಸೆಟ್ಟುಗಳೆಲ್ಲ "...ಲ್ಲಾ" ಎಂಬ ಅರ್ಧ ದನಿಯಿಂದಲೇ ಶುರುವಾಗುತ್ತಿದ್ದವು. ಸೆರಗು ತಲೆಯಿಂದ ಜಾರದಂತೆ ಪಿನ್ನು ಹಾಕಿ, ಎಡಗಣ್ಣು ಮುಚ್ಚಿ, ತುಟಿ ಬಿಗಿಹಿಡಿದು ನಿಂತರೆಂದರೆ ಅವರ ಮುಂದೆ ಜೋರಾಗಿ ಉಸಿರಾಡಲೂ ನಮಗೆ ಅಂಜಿಕೆ.

ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಜತ್ತಿನ ತವರು ಮನೆಗೆ ಬಂದವರು ಆಪಾ. ಪಡಸಾಲೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯವರ ಬಟ್ಟೆ ಹೊಲಿಯುತ್ತಿದ್ದರು. ನಾನು ಸೊಸೆಯಾಗಿ ಬಂದಾಗ ಮದುವೆಗಳಿಗೆ ವಿಡಿಯೊ ಬಂದು ಕೆಲವು ವರ್ಷ ಆಗಿತ್ತು. ಆದರೆ ಕ್ಯಾಮೆರಾ ಹಿಡಿದವರು ಗಂಡಸರು. ಅವರು ಚಪ್ಪರದಲ್ಲೇ ಇರುತ್ತಿದ್ದರು. ಹೆಂಗಸರ ಕೋಣೆಯ ಬಾಗಿಲಿಗೆ ಪರದೆ. ನನ್ನ ಲಗ್ನದ ಕ್ಯಾಸೆಟ್ ಹಾಕಿದರೆ ಗಂಡಸರು ಬಿರಿಯಾನಿ ಉಣ್ಣುವುದೇ ಒಂದು ತಾಸು. ನಾನು ಎಲ್ಲಿಯೂ ಇಲ್ಲ. ಅವತ್ತು ನನ್ನ ಪಕ್ಕವೇ ಕೂತು ಹಾಡಿದ ನನ್ನ ಅಮ್ಮಿಯೂ ಇಲ್ಲ. ಅಮ್ಮಿ ತೀರಿಕೊಂಡ ಮೇಲೆ ಒಂದು ದಿನ ಆ ಕ್ಯಾಸೆಟ್ ಹಾಕಿಕೊಂಡು, ಪರದೆಯ ಹಿಂದಿನಿಂದಲಾದರೂ ಆಕೆಯ ದನಿ ಕೇಳೀತೇನೋ ಎಂದು ಟಿವಿಗೆ ಕಿವಿ ಹಚ್ಚಿ ಕೂತಿದ್ದೆ. ಬರೀ ಬ್ಯಾಂಡಿನ ಗದ್ದಲ.

ಆಪಾ ಮಷಿನ್ ನಿಲ್ಲಿಸಿ ನನ್ನನ್ನೇ ನೋಡಿದರು. "ಯಾರ ಲಗ್ನ ಇದು, ಮಾಂಸ ತಿಂದವರದೇನು?" ಎಂದರು. ನಗು ಬಂತು, ಅಳುವೂ ಬಂತು. "ತಡಿ ಶಮಾ, ನಾನs ತಗೋತೀನಿ ಒಂದು ಕ್ಯಾಮೆರಾ. ಬಾಗಲಾ ಹಾಕ್ಕೊಂಡು ನಾವs ತೆಗಿಯೂಣಂತ."

ಹೊಲಿಗೆಯಿಂದ ಉಳಿಸಿದ್ದಕ್ಕೆ ಹೊಸ ಕ್ಯಾಮೆರಾ ಬರುವಂತಿರಲಿಲ್ಲ. ಹಳೆಯದು ಸಿಗುತ್ತದೆಂದು ಕೇಳಿ ನಾವು ಮೂವರೂ ಮಿರಜಿಗೆ ಹೋದೆವು: ಆಪಾ, ನಾನು, ನನ್ನ ಯಜಮಾನರು. ಅಂಗಡಿಯವರು ನಮ್ಮ ಕಡೆಯ ಮಾತಿನವರೇ. ಎರಡು ಕ್ಯಾಮೆರಾ ತಂದು ಮುಂದಿಟ್ಟರು.

"ನೋಡ್ರಿ ಬಾಯಿ, ಇದು ಎಂಟು ಎಂಎಂ. ಎರಡು ತಾಸಿನ ಕ್ಯಾಸೆಟ್ ಬರ್ತದ, ಚಿತ್ರ ಕನ್ನಡಿ ಇದ್ದಂಗ. ಅದು ಸಣ್ಣ ವಿಎಚ್‌ಎಸ್. ಅರ್ಧ ತಾಸಿಗೆ ಮುಗದ ಹೋಗ್ತದ, ಚಿತ್ರಾನೂ ಅಷ್ಟಕ್ಕಷ್ಟ. ಕಿಮ್ಮತ್ತು ಎರಡರದೂ ಹೆಚ್ಚೂ ಕಡಿಮಿ ಒಂದs."

"ಮತ್ತ ಕೇಳೂದೇನದ? ಎಂಟು ಎಂಎಂ ತಗೊ ಆಪಾ," ಎಂದರು ಯಜಮಾನರು. ಅವರಿಗೆ ಬಸ್ಸಿನ ಚಿಂತೆ.

ಆಪಾ ಎಂಟು ಎಂಎಂನ ಪುಟ್ಟ ಕ್ಯಾಸೆಟ್ಟನ್ನು ಬಟ್ಟೆಯ ನೂಲು ಪರೀಕ್ಷಿಸುವ ಹಾಗೆ ತಿರುವಿ ನೋಡಿದರು. "ಇದನ್ನ ಮದಮಗಳ ಕೈಯಾಗ ಕೊಟ್ಟರ ಆಕಿ ಎದರಾಗ ಹಾಕಿ ನೋಡ್ತಾಳ್ರಿ?"

"ಇದು ವಿಸಿಆರ್‌ನಾಗ ಹೋಗೂದಿಲ್ರಿ. ನೀವು ಕ್ಯಾಮೆರಾಕ್ಕ ವಾಯರ್ ಹಚ್ಚಿ ದೊಡ್ಡ ಕ್ಯಾಸೆಟ್ಟಿಗೆ ಕಾಪಿ ಮಾಡಿ ಕೊಡಬೇಕು. ಮೂಲ ನಿಮ್ಮ ಹಂತ್ಯಾಕ ಉಳೀತದ. ಅದೂ ಒಂದು ಫಾಯ್ದೇ ಅಲ್ಲೇನ್ರಿ?"

"ಅದs ಬ್ಯಾಡಾಗೇದ ನನಗ. ಹೆಣ್ಮಕ್ಕಳ ಮಾರಿ ನನ್ನ ಕಪಾಟಿನ್ಯಾಗ ಯಾಕ ಉಳೀಬೇಕು?"

ಅಂಗಡಿಯವರು ಸಣ್ಣ ವಿಎಚ್‌ಎಸ್ ಕ್ಯಾಸೆಟ್ಟನ್ನು ದೊಡ್ಡ ಕ್ಯಾಸೆಟ್ಟಿನ ಆಕಾರದ ಒಂದು ಖಾಲಿ ಡಬ್ಬಿಯಲ್ಲಿ ಕೂಡಿಸಿ, ವಿಸಿಆರ್‌ನ ಬಾಯಿಗೆ ತಳ್ಳಿದರು. ಯಾರದೋ ಮನೆಯ ಅಂಗಳ ಟಿವಿಯಲ್ಲಿ ಮೂಡಿತು. ಕಾಪಿ ಬೇಡ, ಸ್ಟುಡಿಯೊ ಬೇಡ. ತೆಗೆದ ಕ್ಯಾಸೆಟ್ಟನ್ನೇ ಕೊಟ್ಟುಬಿಟ್ಟರೆ ಮುಗಿಯಿತು.

ಅವರಿಗೆ ಇನ್ನೂ ಒಂದು ಮಾತು ಉಳಿದಿತ್ತು. "ಈಗ ಡಿಜಿಟಲ್ ಬಂದಾವ್ರಿ. ಸ್ವಲ್ಪ ರೊಕ್ಕ ಕೂಡಿಸಿಕೊಂಡು ಬಂದ್ರ, ಕಂಪ್ಯೂಟರ್‌ನಾಗ ಹಾಕಿ ಏನು ಬೇಕಾದ್ದು ಮಾಡಬಹುದು."

"ಕಂಪ್ಯೂಟರ್ ಇದ್ದಲ್ಲಿ ಗಂಡಸರು ಇರ್ತಾರ್ರಿ," ಎಂದು ಆಪಾ ಸಣ್ಣ ವಿಎಚ್‌ಎಸ್ಸನ್ನು ಕೈಗೆತ್ತಿಕೊಂಡರು.

ಅರ್ಧ ತಾಸು ಸಾಲದು ಎಂದು ನಾನೂ ಅಂದುಕೊಂಡಿದ್ದೆ. ಆಪಾ ಅದಕ್ಕೆ ತಮ್ಮದೇ ಒಂದು ರೀತಿ ಮಾಡಿಕೊಂಡರು. ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯಳಾದ ಮುದುಕಿಯಿಂದ ಶುರುಮಾಡಿ, ವಯಸ್ಸಿನ ಪ್ರಕಾರ ಇಳಿಯುತ್ತ ಬಂದು, ಕೊನೆಗೆ ಮದುಮಗಳು. ಹಿತ್ತಲಲ್ಲಿ ಭಾಂಡಿ ತಿಕ್ಕುವವಳನ್ನೂ ಬಿಡುತ್ತಿರಲಿಲ್ಲ. "ಏ, ಕೈ ತೊಳಕೊಂಡು ಇತ್ಲಾಗ ನೋಡವಾ, ನೀನೂ ಈ ಲಗ್ನಕ್ಕs ಬಂದೀದಿ," ಎಂದು ಕರೆಯುತ್ತಿದ್ದರು. ಯಾರಾದರೂ ಸೆರಗು ಸರಿಮಾಡಿಕೊಳ್ಳುತ್ತ ಹೊತ್ತು ಕಳೆದರೆ, "ಲಗೂನ ನಗವಾ, ರೀಲ್ ಓಡಾಕತ್ತೇದ!" ಎಂಬ ಗದರಿಕೆ. ಆ ಗದರಿಕೆಯೂ ಕ್ಯಾಸೆಟ್ಟಿನಲ್ಲಿ ಸೇರಿಹೋಗುತ್ತಿತ್ತು. ಕೆಲಸ ಮುಗಿದ ಕೂಡಲೇ ಕ್ಯಾಸೆಟ್ ಹೊರಗೆ ತೆಗೆದು ಮದುಮಗಳ ಕೈಗೆ. ಆ ಖಾಲಿ ಡಬ್ಬಿ ಮಾತ್ರ ಇದ್ದದ್ದು ಒಂದೇ, ಕ್ಯಾಸೆಟ್ ನೋಡುವವರಿಗಾಗಿ ಬಟ್ಟೆಯ ಚೀಲದಲ್ಲಿ ಮನೆಯಿಂದ ಮನೆಗೆ ತಿರುಗುತ್ತಿತ್ತು. ಅಲ್ಲಾಹನ ದಯೆ, ಒಮ್ಮೆಯೂ ಕಳೆಯಲಿಲ್ಲ.

ತಿಕೋಂಡಿಯ ಒಂದು ಲಗ್ನದಲ್ಲಿ, ಕ್ಯಾಸೆಟ್ ಮದುಮಗಳಿಗೇ ಎಂಬ ಆಪಾನ ರೀತಿಗೆ ಪರೀಕ್ಷೆ ಬಂತು. ಮದುಮಗನ ದೊಡ್ಡಪ್ಪ ಊರಲ್ಲಿ ದೊಡ್ಡ ವ್ಯಾಪಾರಿ. ಜತ್ತಿನಲ್ಲಿ ನಮ್ಮ ಯಜಮಾನರದೊಂದು ಸಣ್ಣ ಅಂಗಡಿ, ಅದಕ್ಕೆ ಮಾಲು ಅವರಿಂದಲೇ ಬರಬೇಕು. ಹೆಂಗಸರ ಕೋಣೆಯ ಹೊರಗೆ ನಿಂತು ಅವರು ಕೂಗಿದರು. "ಬಹೆನ್, ಆ ಕ್ಯಾಸೆಟ್ ಇತ್ಲಾಗ ಕೊಡ್ರಿ. ಸೋಲಾಪುರದಾಗ ನಮ್ಮ ಗುರುತಿನ ಸ್ಟುಡಿಯೊ ಅದ. ಹಾಡು ಹಾಕಿ, ಹೂವು ಹಾಕಿ ಚಂದ ಮಾಡಿಸ್ತೀನಿ."

ಒಳಗೆ ಡೋಲಕ್ ನಿಂತಿತು. ಸ್ವಲ್ಪ ಹೊತ್ತಿನ ಮುಂಚೆ ಕೂದಲು ಬಿಚ್ಚಿಕೊಂಡು ಕುಣಿದಿದ್ದ ಹೆಂಗಸರೆಲ್ಲ ಆಪಾನ ಮುಖ ನೋಡಿದರು. ಕೊಟ್ಟರೆ ನಾಳೆಯಿಂದ ಯಾವ ಮನೆಯ ಹೆಣ್ಣೂ ಅವರ ಮುಂದೆ ಕೂರುವುದಿಲ್ಲ. ಕೊಡದಿದ್ದರೆ ನಮ್ಮ ಅಂಗಡಿಗೆ ಪೆಟ್ಟು. ನಾನು ಮನಸ್ಸಿನಲ್ಲೇ ದುರೂದಿನ ಪ್ರಾರ್ಥನೆ ಓದುತ್ತ ನಿಂತೆ.

ಆಪಾ ಅವಸರ ಮಾಡಲಿಲ್ಲ. ಕ್ಯಾಸೆಟ್ ತೆಗೆದು ಮದುಮಗಳ ಮೆಹಂದಿ ಕೈಯಲ್ಲಿಟ್ಟು ಬೆರಳು ಮಡಚಿದರು. ಪರದೆಯ ಕಡೆ ತಿರುಗಿ ಮೆತ್ತಗೇ ಹೇಳಿದರು: "ಭಾಯ್‌ಸಾಬ್, ಮಾಲು ನನ್ನ ಹತ್ರ ಇಲ್ರಿ, ಮಾಲಕಳ ಹತ್ರ ಹೋತು. ನಿಮ್ಮ ಸೊಸಿನ್ನ ಕೇಳ್ರಿ. ಆಕಿ ಕೊಟ್ರ ನಂದೇನೂ ತಕರಾರಿಲ್ಲ."

ಇನ್ನೂ ಒಂದು ರಾತ್ರಿಯೂ ಗಂಡನ ಮನೆಯಲ್ಲಿ ಕಳೆಯದ ಆ ಹುಡುಗಿ ತಲೆ ತಗ್ಗಿಸಿಯೇ, "ಇಲ್ರಿ ಬಡೇ ಅಬ್ಬಾ, ಕೊಡೂದಿಲ್ಲ," ಎಂದಳು.

ಪರದೆಯ ಆಚೆ ಆ ಹಿರಿಯರು ಗಂಟಲು ಸರಿಮಾಡಿಕೊಂಡು, "ಅಂದ್ರ ಮನ್ಯಾಗ ಕೀಲಿ ಕೈ ಯಾರ ಕಡೆ ಇರ್ತದಂತ ಇವತ್ತs ತಿಳೀತು ಬಿಡ್ರಿ," ಎಂದು ನಕ್ಕು ಹೋದರು. ಅಂಗಡಿಗೆ ಮಾಲೂ ಬರುತ್ತಲೇ ಇತ್ತು. ಅದನ್ನು ನಾನು ಈಗಲೂ ಶುಕ್ರವಾರದ ದುವಾದಲ್ಲಿ ನೆನೆಯುತ್ತೇನೆ. ಅದರ ಮರುವರ್ಷ ಮಾಡಗ್ಯಾಳದಿಂದ, ದರಿಬಡಚಿಯಿಂದ ಆಪಾನನ್ನು ಕರೆಯಲು ಜನ ಬಂದರು. ಬರೀ ನಮ್ಮವರಲ್ಲ, ಕುರುಬರ ಮನೆಯವರೂ ಬಂದರು. ನಮ್ಮ ಮನೆಯ ಹೆಣ್ಣುಮಗಳನ್ನು ಜೀಪು ಕಳಿಸಿ ಕರೆಸಿಕೊಳ್ಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಓಣಿಯವರೂ ನೋಡಲಿ ಎಂದು.

ಕಾಲ ಕಳೆದಂತೆ ಆ ಸಣ್ಣ ಕ್ಯಾಸೆಟ್ ಸಿಗುವುದು ನಿಂತಿತು. ಮನೆಗಳಲ್ಲಿ ವಿಸಿಆರ್ ಮೂಲೆ ಸೇರಿತು. ಆಪಾನ ಕಣ್ಣೂ ಮಂಜಾಯಿತು. ವಿಜಯಪುರದಲ್ಲಿದ್ದ ಆಪಾನ ಅಣ್ಣ, ಅಲ್ಲಿ ಕಣ್ಣಿನ ದವಾಖಾನೆ ಹತ್ತಿರವೆಂದು ಅವರನ್ನು ತಮ್ಮಲ್ಲಿಗೆ ಕರೆದೊಯ್ಯಲು ಬಂದ ದಿನ ಓಣಿಯ ಹೆಂಗಸರೆಲ್ಲ ಸಾಮಾನು ಕಟ್ಟಲು ಸೇರಿದೆವು.

"ನನ್ನ ಲಗ್ನದ್ದೊಂದು ಕಾಪಿ ಎಲ್ಲಿ ಮುಚ್ಚಿಟ್ಟೀರಿ, ಖರೇ ಹೇಳ್ರಿ ಆಪಾ," ಎಂದು ಎದುರು ಮನೆಯ ರೇಷ್ಮಾ ಚೇಷ್ಟೆ ಮಾಡಿದಳು.

"ಹುಡಕ್ರಿ. ಸಿಕ್ಕರ ಹಂಚಕೋರಿ."

ಕಪಾಟು ಖಾಲಿ ಮಾಡಿದೆವು, ಗಾದಿ ಝಾಡಿಸಿದೆವು. ನೂಲಿನ ಉಂಡೆ, ಗುಂಡಿಗಳ ಡಬ್ಬಿ, ಎರಡು ಸೀರೆ, ಕುರಾನ್ ಶರೀಫ್. ಅಷ್ಟು ಲಗ್ನಗಳನ್ನು ಕ್ಯಾಮೆರಾದಲ್ಲಿ ತೆಗೆದವರ ಕೋಣೆಯಲ್ಲಿ ಒಬ್ಬ ಹೆಣ್ಣಿನ ನೆರಳೂ ಸಿಗಲಿಲ್ಲ. ರೇಷ್ಮಾಳ ನಗು ಹೋಯಿತು. ಅವಳು ಆಪಾನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ನನಗೆ ತಡೆಯಲಾಗಲಿಲ್ಲ. "ನೆನಪಿಗಂತ ಒಂದರೆ ಇಟ್ಕೋಬೇಕಿತ್ತಲ್ರಿ ಆಪಾ," ಎಂದೆ.

"ನೆನಪು ಅವರದವಾ. ನಾ ತೆಗಿಯೂ ಹೊತ್ತಿನ್ಯಾಗ ಎಲ್ಲಾರಕಿಂತ ಮೊದಲ ನೋಡೀನಲ್ಲ, ಸಾಕು."

ಟೆಂಪೊ ಹತ್ತುವಾಗ ಮೆಟ್ಟಿಲು ಕಾಣದೆ ತಡವರಿಸಿದರು. ಸುತ್ತ ನಿಂತಿದ್ದ ಹೆಂಗಸರ ಕೈಗಳೆಲ್ಲ ಒಮ್ಮೆಲೇ ಮುಂದೆ ಬಂದವು. ಯಾರ ಕೈ ಹಿಡಿದು ಹತ್ತಿದರೋ ಗೊತ್ತಾಗಲಿಲ್ಲ, ಅಷ್ಟು ಕೈಗಳಿದ್ದವು.