ಸುದ್ದಿ ಅಕ್ಕ ಕೊಟ್ಟ ಸುಳ್ಳು ವಿಳಾಸ

ಕ್ಷಯರೋಗದ ಕೆಲಸ ಮಾಡುವ ನಮ್ಮ ಸಂಸ್ಥೆಯಲ್ಲಿ ಅವರನ್ನು ಎಲ್ಲರೂ ಸುದ್ದಿ ಅಕ್ಕ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಮನೆಮನೆಗೆ ಹೋಗಿ ಕೆಮ್ಮಿನವರನ್ನು ವಿಚಾರಿಸಿ, ಕಫದ ಡಬ್ಬಿ ಕೊಟ್ಟು, ತುಂಬಿದ ಡಬ್ಬಿಗಳನ್ನು ಲ್ಯಾಬಿಗೆ ತಂದುಕೊಡುವುದು ಅವರ ಕೆಲಸ. ಅದರ ಮೇಲೆ, ಬೇರೆ ಯಾರೂ ಒಪ್ಪಿಕೊಳ್ಳದ ಇನ್ನೊಂದು ಕೆಲಸವೂ ಅವರ ತಲೆಗೆ ಬಂದಿತ್ತು. ತಿಂಗಳಿಗೊಮ್ಮೆ ಎರಡು ಪುಟದ ಸಿಬ್ಬಂದಿ ವಾರ್ತೆ ಬರೆದು ಮೆಟ್ಟಿಲ ಬಳಿಯ ಹಲಗೆಗೆ ಅಂಟಿಸಬೇಕಿತ್ತು. ಯಾರಿಗೆ ವರ್ಗವಾಯಿತು, ಯಾರಿಗೆ ಮಗು ಹುಟ್ಟಿತು, ಯಾವ ಬೀದಿಯವರು ತಪಾಸಣೆಯ ಶಿಬಿರಕ್ಕೆ ತಾವೇ ಬೆಂಚು ಹೊತ್ತು ತಂದರು, ಎಲ್ಲವೂ ಅದರಲ್ಲಿ ಬರುತ್ತಿತ್ತು. "ಅಕ್ಕನ ಮುಂದೆ ಬಾಯಿ ಬಿಡಬೇಡ್ರಪ್ಪ, ನಾಳೆ ಹಲಗೆ ಮೇಲಿರುತ್ತೆ" ಎಂದು ಲ್ಯಾಬಿನವನು ರೇಗಿಸುತ್ತಿದ್ದ. ನಾನು ಔಷಧದ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಇಲ್ಲಿ ಹೇಳುವುದರಲ್ಲಿ ಅರ್ಧ ನಾನು ಕಂಡದ್ದು, ಇನ್ನರ್ಧ ಅವರೇ ಹೇಳಿದ್ದು.

ಅಕ್ಕನಿಗೆ ಆಗ ನಲವತ್ತೆಂಟು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಮಗಳು ಮತ್ತು ಎರಡು ವರ್ಷದ ಮೊಮ್ಮಗಳು. ಮಗಳು ಲಾಂಡ್ರಿಯಲ್ಲಿ ಕೆಲಸ ಮುಗಿಸಿ ಬರುವವರೆಗೆ, ಮಧ್ಯಾಹ್ನದಿಂದ ಮಗು ಅಜ್ಜಿಯ ಮಡಿಲು ಬಿಟ್ಟು ಇಳಿಯುತ್ತಿರಲಿಲ್ಲ. ಅಜ್ಜಿ ಊದಿ ಆರಿಸಿಕೊಟ್ಟರೆ ಮಾತ್ರ ಬಾಯಿ ತೆರೆಯುತ್ತಿತ್ತು.

ಕೆಮ್ಮು ಶುರುವಾದಾಗ ಅಕ್ಕ ಧೂಳು ಅಂದುಕೊಂಡರು. ಮೂರನೇ ವಾರ ಒಂದು ಮನೆಯ ಬಾಗಿಲಲ್ಲಿ ನಿಂತು, "ಎರಡು ವಾರದಿಂದ ಕೆಮ್ಮು ಇದೆಯಾ? ಸಂಜೆ ಜ್ವರ ಬರುತ್ತಾ? ಮೈ ಇಳಿದಿದೆಯಾ?" ಎಂದು ಕೇಳುತ್ತಿದ್ದರು. ಆ ಮನೆಯವಳು ಮೂರಕ್ಕೂ ಇಲ್ಲ ಎಂದಳು. ಅಕ್ಕನ ಒಳಮನಸ್ಸು ಮಾತ್ರ ಮೂರಕ್ಕೂ ಹೌದು ಎಂದಿತು.

ಸಾಯುತ್ತೇನೆ ಎಂಬ ಭಯ ಅವರಿಗಿರಲಿಲ್ಲ. ವಾಸಿಯಾದ ನೂರಾರು ಮಂದಿಯನ್ನು ಕಂಡಿದ್ದರು. ಆದರೆ ತಾನು ಊದಿದ ಒಂದೊಂದು ತುತ್ತೂ ಕಣ್ಣ ಮುಂದೆ ಬರತೊಡಗಿತು. ತನ್ನ ಹೆಸರಿನಲ್ಲಿ ಡಬ್ಬಿ ಕೊಟ್ಟರೆ ಮಧ್ಯಾಹ್ನದೊಳಗೆ ಕಚೇರಿಗೆಲ್ಲ ತಿಳಿಯುತ್ತದೆ, ಸಂಜೆಯೊಳಗೆ ಬೀದಿಗೆ. ಆಮೇಲೆ ಯಾವ ಮನೆಯವರು ಬಾಗಿಲು ತೆಗೆದಾರು? ಕೊನೆಗೆ ತನ್ನ ಕಫದ ಡಬ್ಬಿಯ ಚೀಟಿಯಲ್ಲಿ ಬಾಯಿಗೆ ಬಂದ ಹೆಸರು ಬರೆದರು. ವಿಳಾಸದ ಜಾಗದಲ್ಲಿ ಪೆನ್ನು ತಡವರಿಸಿತು. ಸಾವಿರ ಸಲ ಹೋಗಿ ರೂಢಿಯಾಗಿದ್ದ ನಂಬರೊಂದು ಕೈಗೆ ತಾನಾಗಿ ಬಂತು. ಹಿಂದಿನ ಬೀದಿ, ಹದಿನೇಳು. ಅದು ಟೈಲರಮ್ಮನ ಮನೆ. ಏನೂ ಇರುವುದಿಲ್ಲ, ಚೀಟಿ ಕಸಕ್ಕೆ ಹೋಗುತ್ತದೆ ಎಂದು ತಮಗೆ ತಾವೇ ಹೇಳಿಕೊಂಡರು.

ಮರುದಿನ ಲ್ಯಾಬಿನವನು ಚೀಟಿ ಹಿಡಿದು ಬಂದ.

"ಅಕ್ಕ, ನೀವು ಓಡಾಡೋ ಬೀದೀದೇ ಒಂದು ಪಾಸಿಟಿವ್ ಬಂದಿದೆ. ಹದಿನೇಳನೇ ನಂಬರು. ಇವತ್ತೇ ಹೋಗಿ ನೋಡ್ಬಿಡಿ."

ಅಕ್ಕ ಚೀಟಿ ತೆಗೆದುಕೊಂಡರು. "ಜಾಸ್ತೀನಾ?"

"ಮಧ್ಯಮ. ಮನೇಲಿ ಮಕ್ಕಳಿದ್ರೆ ಮಾತ್ರ ತಡ ಮಾಡ್ಬಾರ್ದು."

ತನ್ನನ್ನು ತಾನೇ ಹುಡುಕಲು ಹೊರಟ ಅಕ್ಕ ಎರಡು ಗಂಟೆ ಬೀದಿ ಸುತ್ತಿ ಬಂದು, "ಆ ಹೆಸರಿನವರು ಯಾರೂ ಇಲ್ಲ" ಎಂದರು. ಮನೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೋಣೆ ಸೇರಿ ಚಿಲಕ ಹಾಕಿಕೊಂಡರು. ಮಗು ಆಚೆಯಿಂದ ಎರಡೂ ಕೈಯಲ್ಲಿ ಬಾಗಿಲು ಬಡಿಯಿತು.

"ಏನಾಗಿದೆಯಮ್ಮ ನಿಂಗೆ?" ಮಗಳು ಕೂಗಿದಳು. "ಮಗು ಹತ್ರ ಬಂದ್ರೆ ಹಾವು ಕಂಡೋರ ಹಾಗೆ ಹಾರ್ತೀಯಲ್ಲ!"

"ಗಂಟಲು ಕಣೆ. ಮಗೂಗೆ ಅಂಟೀತು."

ಮರುದಿನ ನನ್ನ ಉಗ್ರಾಣಕ್ಕೆ ಬಂದು ಮಾತ್ರೆಯ ಕಪಾಟಿನ ಮುಂದೆ ಸುಮ್ಮನೆ ನಿಂತರು. "ಏನಕ್ಕ?" ಎಂದೆ. "ಏನಿಲ್ಲ, ಇಲ್ಲಿ ತಂಪಾಗಿದೆ" ಎಂದು ಹೊರಟುಹೋದರು. ಕದಿಯಲು ಬಂದಿದ್ದರು, ಕೈ ಬರಲಿಲ್ಲ ಎಂದು ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ರೋಗಿ ಸಿಗಲಿಲ್ಲವೆಂದು ನಿರ್ದೇಶಕಿ ಮೇಡಂ ಬೇರೆ ಇಬ್ಬರನ್ನು ಕಳಿಸಿದರು. ಸಂಸ್ಥೆಯ ನೀಲಿ ಕೋಟು ತೊಟ್ಟ ಅವರು ಹದಿನೇಳರ ಬಾಗಿಲಲ್ಲೂ ಅಕ್ಕಪಕ್ಕದಲ್ಲೂ ಗಟ್ಟಿಯಾಗಿ ವಿಚಾರಿಸಿದರು. ಅಷ್ಟು ಸಾಕಾಯಿತು.

ಶನಿವಾರ ಶಾಲೆಯ ಕೋಣೆಯಲ್ಲಿ ನಮ್ಮ ಸಂಸ್ಥೆಯೂ ಬೀದಿಯವರೂ ಸೇರಿ ನಡೆಸುವ ಬೀದಿ ಸಮಿತಿಯ ಸಭೆ; ಮೇಡಂ ಕೂಡ ಬಂದಿದ್ದರು. ಪ್ರತಿ ತಿಂಗಳು ಹದಿನೈದಿಪ್ಪತ್ತು ಜನ ಸೇರುವಲ್ಲಿ ಅಂದು ಕೋಣೆ ತುಂಬಿತ್ತು. ಕೊರಳಲ್ಲಿ ಅಳತೆ ಟೇಪು ಹಾಗೇ ಇಟ್ಟುಕೊಂಡು ಟೈಲರಮ್ಮ ಬಂದು ಕೂತರು. ಕೂತ ಕೂಡಲೇ ಆ ಬೆಂಚಿನಲ್ಲಿದ್ದ ಮೂವರೂ ಎದ್ದರು.

"ಮೇಡಂ, ನಂಗೆ ಕೆಮ್ಮಿಲ್ಲ, ನೆಗಡೀನೂ ಇಲ್ಲ" ಎಂದರು ಟೈಲರಮ್ಮ. ದನಿ ಗಟ್ಟಿಯಾಗಿಯೇ ಇತ್ತು, ಕೈ ಮಾತ್ರ ಟೇಪನ್ನು ಸುತ್ತಿ ಬಿಚ್ಚಿ ಮಾಡುತ್ತಿತ್ತು. "ನಿಮ್ಮೋರು ನನ್ನ ಬಾಗಿಲಲ್ಲಿ ನಿಂತು ಟಿ.ಬಿ. ಯಾರಿಗೆ ಅಂತ ಕೇಳಿ ಹೋದ್ರು. ಅವತ್ತಿಂದ ಕೊಟ್ಟ ಬಟ್ಟೇನೆಲ್ಲ ವಾಪಸ್ ತಗೊಂಡು ಹೋಗ್ತಿದ್ದಾರೆ. ಒಬ್ಬಳಂತೂ ಕೋಲಲ್ಲಿ ಎತ್ಕೊಂಡು ಹೋದ್ಲು. ಯಾರ್ರೀ ನನ್ನ ಮನೆ ನಂಬರು ಕೊಟ್ಟೋರು?"

"ಸುಮ್ಮಸುಮ್ಮನೆ ಯಾರಾದ್ರೂ ಬರೀತಾರಾ?" ಹಿಂದಿನಿಂದ ಒಬ್ಬ ಎಂದ. "ಮೊದಲು ಮನೆ ಖಾಲಿ ಮಾಡ್ಲಿ, ಆಮೇಲೆ ನ್ಯಾಯ ಕೇಳ್ಲಿ." ನಾಲ್ಕಾರು ಜನ ಹೌದು ಹೌದು ಎಂದರು.

ಸಭೆಯ ಮಾತುಗಳನ್ನು ಬರೆದುಕೊಳ್ಳಲು ಅಕ್ಕ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದರು. ಬಾಗಿಲು ನಾಲ್ಕೇ ಹೆಜ್ಜೆಯಲ್ಲಿತ್ತು. ಎದ್ದು ಹೋಗಿಬಿಡಬೇಕೆಂದೇ ಎದ್ದೆ ಎಂದು ಆಮೇಲೆ ನನಗೆ ಹೇಳಿದರು. ಎದ್ದ ಕೂಡಲೇ ತಡೆದುಕೊಂಡಿದ್ದ ಕೆಮ್ಮು ಒತ್ತಿ ಬಂತು. ಎಲ್ಲರೂ ತಿರುಗಿ ನೋಡಿದರು.

"ಆ ಡಬ್ಬಿ ನಂದು" ಎಂದರು ಬಟ್ಟೆಯ ಹಿಂದಿನಿಂದ. "ಹೆಸರು ಸುಳ್ಳು, ಮನೆ ಸುಳ್ಳು. ಕಾಯಿಲೆ ನಂದೇ."

ಬೆಂಚುಗಳು ಕಿರ್ರೆಂದು ಹಿಂದೆ ಸರಿದವು. ಟೈಲರಮ್ಮ ಅಕ್ಕನ ಕಡೆ ತಿರುಗಿದರು. "ನೀನಾ? ಬಿಸಿಲಲ್ಲಿ ಬಂದಾಗೆಲ್ಲ ನನ್ನ ಮನೇಲಿ ನೀರು ಕುಡೀತಿದ್ದವಳು ನೀನಾ?" ಮೇಡಂ ಬಯ್ಯಲಿಲ್ಲ. ಕಿಟಕಿಗಳನ್ನೆಲ್ಲ ತೆರೆಸಿ, "ನಡೀರಿ, ಮೊದಲು ಮಗೂನ ತೋರಿಸೋಣ" ಎಂದರು.

ವಿಷಯ ಕೇಳಿದ ಮಗಳು ಒಂದೇ ಪ್ರಶ್ನೆ ಕೇಳಿದಳು: "ಎಷ್ಟು ದಿನದಿಂದ ಗೊತ್ತಿತ್ತು?"

"ಐದು ದಿನ."

ಮಗಳು ಮಗುವನ್ನು ಎದೆಗೆ ಒತ್ತಿಕೊಂಡು ಮುಖ ತಿರುಗಿಸಿದಳು. ಆಸ್ಪತ್ರೆಯಲ್ಲಿ ಮಗುವಿನ ಎದೆಯ ಎಕ್ಸ್‌ರೇ ತೆಗೆದರು, ಸೋಂಕು ತಿಳಿಯಲು ತೋಳಿಗೆ ಚುಚ್ಚಿ ಎರಡು ದಿನ ಬಿಟ್ಟು ಬನ್ನಿ ಎಂದರು. ತೂಕ ಹೋದ ತಿಂಗಳಿಗಿಂತ ಒಂದು ಗ್ರಾಮೂ ಏರಿರಲಿಲ್ಲ. ಆ ಎರಡು ದಿನ ಅಕ್ಕ ಕೋಣೆಯ ಬಾಗಿಲಿಗೆ ಕಿವಿಯಾನಿಸಿ ಕೂತಿದ್ದರು. ಮಗು ಅತ್ತರೆ ಭಯ, ಸುಮ್ಮನಾದರೆ ಅದಕ್ಕಿಂತ ಹೆಚ್ಚು ಭಯ. ಮೂರನೇ ದಿನ ಉದ್ದನೆಯ ಪಡಸಾಲೆಯ ಒಂದು ತುದಿಯಲ್ಲಿ ಮಗಳು, ಇನ್ನೊಂದು ತುದಿಯಲ್ಲಿ ತಾಯಿ. ಡಾಕ್ಟರು ಹೊರಬಂದು, "ಮಗೂಗೆ ಕಾಯಿಲೆ ಇಲ್ಲ. ಬರದ ಹಾಗೆ ಔಷಧ ಮಾತ್ರ ಕೊಡ್ಬೇಕು" ಎಂದರು. ಅಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟರಂತೆ. ಮಗಳು ಎಬ್ಬಿಸಲು ಬರಲಿಲ್ಲ.

ಕಚೇರಿಯಲ್ಲಿ ಅವರನ್ನು ತೆಗೆದುಹಾಕಬೇಕು ಎಂದವರೂ ಇದ್ದರು. ಎಲ್ಲರಿಗಿಂತ ನೊಂದವನು ಲ್ಯಾಬಿನವನು. ಫೋನಿನಲ್ಲಿ, "ಏಳು ವರ್ಷ ಜೊತೇಲಿ ಕೆಲಸ ಮಾಡಿದೀವಿ, ನಂಗೊಂದು ಮಾತು ಹೇಳೋಕಾಗ್ಲಿಲ್ವಾ ಅಕ್ಕ?" ಎಂದ. "ನಿಂಗೇ ಹೆದರಿದ್ದು ಕಣಪ್ಪ" ಎಂದರು ಅಕ್ಕ. ಮೇಡಂ ಎಚ್ಚರಿಕೆಯ ಪತ್ರ ಕೊಟ್ಟು ಕೆಲಸದಲ್ಲಿ ಉಳಿಸಿಕೊಂಡರು. ಮನೆಗಳಿಗೆ ನೀಲಿ ಕೋಟು ಹಾಕಿಕೊಂಡು ಹೋಗುವುದನ್ನು ಅಂದೇ ನಿಲ್ಲಿಸಿದರು.

ಆ ತಿಂಗಳ ವಾರ್ತೆಯನ್ನು ಅಕ್ಕ ಮನೆಯಿಂದಲೇ ಬರೆದು ಕಳಿಸಿದರು. ಮೊದಲ ಸುದ್ದಿ ತಮ್ಮದೇ. ಹದಿನೇಳನೇ ಮನೆಯವರಿಗೆ ಯಾವ ಕಾಯಿಲೆಯೂ ಇಲ್ಲ, ಆ ವಿಳಾಸ ಬರೆದ ತಪ್ಪು ನನ್ನದು ಎಂದು ನಾಲ್ಕು ಸಾಲು. ಸಮಿತಿಯವರು ಅದನ್ನು ಮನೆಮನೆಗೆ ಒಯ್ದು ಓದಿ ಹೇಳಿದರು.

ರೋಗಿ ದಿನವೂ ಮಾತ್ರೆ ನುಂಗುವುದನ್ನು ನೋಡಲು ಬೀದಿಯವರೊಬ್ಬರು ಬೇಕು. ಮುಂದಿನ ಸಭೆಯಲ್ಲಿ ಯಾರೂ ಕೈ ಎತ್ತಲಿಲ್ಲ.

"ನಾನೇ ನೋಡ್ತೀನಿ" ಎಂದರು ಟೈಲರಮ್ಮ. "ಇವಳನ್ನ ನಂಬೋಕಾಗಲ್ಲ."

ಆರು ತಿಂಗಳು ಬೆಳಿಗ್ಗೆ ಎಂಟಕ್ಕೆ ಅವರು ಹೊಸಿಲಿನಾಚೆ ನಿಂತು, "ನುಂಗು. ಬಾಯಿ ತೆಗಿ. ನಾಲಿಗೆ ಎತ್ತು" ಎನ್ನುತ್ತಿದ್ದರು. ಮೊದಲ ತಿಂಗಳು ಬೇರೆ ಮಾತೇ ಇರಲಿಲ್ಲ. ಒಂದು ದಿನ ಟೈಲರಮ್ಮನಿಗೆ ತಡವಾದಾಗ ಒಳಗಿನಿಂದ ಮಗಳ ದನಿ ಬಂತು: "ಮಾತ್ರೆ ತಗೊಂಡ್ಯಾ?" ಸಭೆಯ ದಿನದಿಂದ ಅವಳು ತಾಯಿಯೊಡನೆ ಆಡಿದ ಮೊದಲ ಮಾತು ಅದು.

ಕೊನೆಯ ಪರೀಕ್ಷೆಯಲ್ಲಿ ಅಕ್ಕನಿಗೆ ಏನೂ ಉಳಿದಿರಲಿಲ್ಲ. ಮೊಮ್ಮಗಳು ಒಮ್ಮೆ ಕೆಮ್ಮಿದರೂ ಈಗಲೂ ಅವರ ಮುಖ ಬಿಳಿಚಿಕೊಳ್ಳುತ್ತದೆ. ಟೈಲರಮ್ಮನ ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು, ಎರಡು ಮನೆಯವರ ಹೊರತು. ಅಕ್ಕ ತಾವಾಗಿಯೇ ಆ ಎರಡು ಮನೆಗಳಿಗೆ ಹೋಗಿ ನಡೆದದ್ದನ್ನು ಮತ್ತೆ ಹೇಳಿದರು. ಒಂದು ಮನೆಯವರು ಒಳಗೆ ಕರೆದು ಕೂರಿಸಿದರು. ಇನ್ನೊಂದು ಮನೆಯವರು ಕಿಟಕಿಯಿಂದಲೇ ಬೇಡ ಎಂದು ಕೈಯಾಡಿಸುತ್ತಾರೆ. ಅಕ್ಕ ತಿಂಗಳಿಗೊಮ್ಮೆ ಅಲ್ಲಿಗೆ ಹೋಗುವುದನ್ನು ಬಿಟ್ಟಿಲ್ಲ.