ಟರ್ಕಿ ಕೋಳಿಗೆ ನೆನೆಸಿದ ಜೋಳ

ಎಂಬತ್ತರ ದಶಕದ ಮಾತು. ಬಮ್ಮಿಗಟ್ಟಿಯ ನಮ್ಮ ಮನೆಯಲ್ಲಿ ಯಾರೂ ಮಾಂಸ ಮುಟ್ಟಿದವರಲ್ಲ. ಬಾಜು ತೋಟದ ಟರ್ಕಿ ಕೋಳಿಯನ್ನು ಅಪ್ಪ ನಾಯಿಯ ಬಾಯಿಂದ ಬಿಡಿಸಿ ತಂದ. ಅವ್ವ ಮುರಿದ ಕಾಲಿಗೆ ಅರಿಶಿನ ಹಚ್ಚಿ, ಬಿದಿರಿನ ಸೀಳು ಕಟ್ಟಿ, ದಿನಾ ನೆನೆಸಿದ ಜೋಳ ತಿನ್ನಿಸಿದಳು.

ಕಾಲು ಕೂಡುವತನಕ ಅದನ್ನು ನಮ್ಮಲ್ಲೇ ಬಿಟ್ಟಿದ್ದ ಮಾಲೀಕ ದಿನಾ ಸಂಜೆ ಬರುತ್ತಿದ್ದ. ಕಾಲಿನ ಕಡೆ ನೋಡುತ್ತಲೇ ಇರಲಿಲ್ಲ. ಕೋಳಿಯನ್ನು ಎತ್ತಿ, ಹೆಬ್ಬೆರಳಿನಿಂದ ಎದೆ ಒತ್ತಿ ಕೆಳಗಿಡುತ್ತಿದ್ದ.

“ಎಷ್ಟ ಮಾಯಾ ಮಾಡ್ತಾನ ನೋಡ,” ಎಂದು ಅವನ ಅಕ್ಕರೆಯನ್ನು ಮೆಚ್ಚುತ್ತಿದ್ದಳು ಅವ್ವ. ಸಂತೆಯಲ್ಲಿ ಬದನೆಕಾಯಿಯನ್ನಷ್ಟೇ ಒತ್ತಿ ನೋಡಿ ಗೊತ್ತಿದ್ದ ನಮಗೆ ಬೇರೇನು ಹೊಳೆಯಬೇಕು!

ಕೋಳಿ ಎದ್ದು ನಡೆದ ದಿನವೂ ಅವನು ಎದೆ ಒತ್ತಿದ. “ಅಕ್ಕಾರ, ಇನ್ನೊಂದ ವಾರ ಜ್ವಾಳಾ ಹಾಕ್ರಿ, ಸಾಕು,” ಎಂದು ನಕ್ಕ.

ಅವ್ವ ಅಂದು ಒಂದು ಬೊಗಸೆ ಜೋಳ ಹೆಚ್ಚಿಗೆ ನೆನೆಸಿದಳು.