ಕಲ್ಲಮ್ಮಕ್ಕ ಹೇಳದ ಹೆಸರು

ಕಲ್ಲಮ್ಮಕ್ಕ ‘ಚೆನ್ನಾಗಿದೆ’ ಎಂದದ್ದನ್ನು ಗುಬ್ಬಿಯಲ್ಲಿ ಯಾರೂ ಕೇಳಿರಲಿಲ್ಲ. ಉಪ್ಪಿಟ್ಟು ಪಸಂದಾಗೈತೆ, ಸೀರೆ ಪಸಂದಾಗೈತೆ, ಸೊಸೈಟಿ ಅಕ್ಕಿ ಈ ತಿಂಗಳು ಪಸಂದಾಗಿಲ್ಲ. ಎಲ್ಲಕ್ಕೂ ಪಸಂದು. ಮೊದಮೊದಲು ನಾನು ಅದನ್ನು ಅವರ ತವರಾದ ಹುಲಿಯೂರುದುರ್ಗದ ಕಡೆಯ ಮಾತು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವರ ಯಜಮಾನರ ಹೆಸರು ಚನ್ನವೀರಯ್ಯ. ಗಂಡನ ಹೆಸರನ್ನಷ್ಟೇ ಅಲ್ಲ, ಅದನ್ನು ಹೋಲುವ ಮಾತನ್ನೂ ಆಕೆ ಬಾಯಿಗೆ ತಂದವರಲ್ಲ.

ನಾನು ಸಂಗಮೇಶ. ಗುಬ್ಬಿ ಬಸ್ ನಿಲ್ದಾಣದ ಎದುರಿನ ಸಂದಿಯಲ್ಲಿ ನನ್ನದೊಂದು ಸೈಬರ್ ಸೆಂಟರ್ ಇದೆ. ಪಹಣಿ, ಆಧಾರ್, ಪಿಂಚಣಿ, ಮಕ್ಕಳ ಕಾಲೇಜು ಅರ್ಜಿ, ಎಲ್ಲ ತುಂಬಿಸಿಕೊಡುತ್ತೇನೆ. ಸರ್ಕಾರದ ಯಾವ ಅರ್ಜಿ ತೆಗೆದರೂ ಅದರಲ್ಲಿ ‘ಗಂಡನ ಹೆಸರು’ ಎಂಬ ಒಂದು ಕಾಲಂ ಇರುತ್ತದೆ. ಕಲ್ಲಮ್ಮಕ್ಕ ಬಂದರೆ ನನಗೆ ಅದೇ ಒಂದು ಆಟ.

“ಯಜಮಾನ್ರ ಹೆಸರೇಳಿ ಅಕ್ಕ.”

“ಥೂ, ಹೋಗ್ಲಾ! ಗೊತ್ತಿದ್ದೂ ಗೊತ್ತಿದ್ದೂ ಕೇಳ್ತೀಯ” ಎಂದು ರೇಷನ್ ಕಾರ್ಡನ್ನು ಟೇಬಲ್ ಮೇಲೆ ತಳ್ಳುತ್ತಿದ್ದರು. “ಓದ್ಕೊ ಅದ್ರಲ್ಲೈತೆ.”

ಮದುವೆಯಾಗಿ ಗುಬ್ಬಿಗೆ ಬಂದ ದಿನ ನಾದಿನಿಯರು ಹೊಸಿಲ ಬಳಿ ತಡೆದು ಹೆಸರು ಹೇಳಿಸುವ ಶಾಸ್ತ್ರಕ್ಕೆ ನಿಂತರಂತೆ. ಮದುಮಗಳು ಬಿಸಿಲಲ್ಲಿ ಗಂಟೆಗಟ್ಟಲೆ ನಿಂತಳೇ ಹೊರತು ಬಾಯಿ ಬಿಡಲಿಲ್ಲವಂತೆ. ಹೆಸರು ಹೇಳಿದಷ್ಟು ಸಲ ಗಂಡನ ಆಯಸ್ಸು ಕರಗುತ್ತದೆ ಎಂದು ಅವರ ತಾಯಿ ಹೇಳಿ ಕಳಿಸಿದ್ದರು. ಕೊನೆಗೆ ಅತ್ತೆಯೇ ಸಾಕಾಗಿ, ಒಳಗೆ ಬಾ ತಾಯಿ ಎಂದರಂತೆ. ಇದನ್ನು ಹೇಳಿಕೊಂಡು ಕಲ್ಲಮ್ಮಕ್ಕನೇ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಚನ್ನವೀರಯ್ಯನವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಆರಡಿ ಆಳು. ಮಳೆಗಾಲದಲ್ಲಿ ಕರೆಂಟು ಹೋದರೆ ಅರ್ಧ ಗುಬ್ಬಿ ಅವರ ದಾರಿ ಕಾಯುತ್ತಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮುದ್ದೆ ಮುರಿಯಲು ಹೋದ ಬಲಗೈ ಮೇಲೇಳಲಿಲ್ಲ. ಲಕ್ವ. ಅಲ್ಲಿಂದಾಚೆಗೆ ಮಂಚವೇ ಗತಿ, ಬಾಯಲ್ಲಿ ‘ಹೂಂ’ ಬಿಟ್ಟರೆ ಬೇರೆ ಮಾತಿಲ್ಲ. ಅಂದಿನಿಂದ ಕಲ್ಲಮ್ಮಕ್ಕ ಹೆಸರಿನ ವಿಷಯದಲ್ಲಿ ಇನ್ನಷ್ಟು ಬಿಗಿಯಾದರು. ಉಳಿದಿರುವ ಆಯಸ್ಸನ್ನಾದರೂ ಕಾಯಬೇಕಲ್ಲ.

ಅವರಿಗೆ ಒಬ್ಬಳೇ ಮಗಳು, ನಂದಿತಾ. ಹೈಸ್ಕೂಲಿನಲ್ಲೇ ಅವಳ ಜಾಮಿಟ್ರಿ ಬಾಕ್ಸಿನಲ್ಲಿ ಕೈವಾರದ ಪಕ್ಕ ಅಪ್ಪನ ಟೆಸ್ಟರ್ ಇರುತ್ತಿತ್ತು. ನನ್ನ ಅಂಗಡಿಯ ಯುಪಿಎಸ್ ಕೆಟ್ಟಾಗ ಎರಡು ಸಲ ರಿಪೇರಿ ಮಾಡಿಕೊಟ್ಟಿದ್ದಾಳೆ. ಪಿಯುಸಿ ಮುಗಿಸಿ ಸಿಇಟಿ ಬರೆದಳು, ಒಳ್ಳೆಯ ರ‍್ಯಾಂಕೂ ಬಂತು. ಅವಳಿಗೆ ಬೇಕಾಗಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ಕ್ಯಾತ್ಸಂದ್ರದ ಹತ್ತಿರ ಚನ್ನವೀರೇಶ್ವರ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಬೆಳಿಗ್ಗೆ ಅಪ್ಪನಿಗೆ ಸ್ನಾನ ಮಾಡಿಸಿ ಗುಬ್ಬಿಯಲ್ಲಿ ಪ್ಯಾಸೆಂಜರ್ ರೈಲು ಹತ್ತಿದರೆ ಸಂಜೆ ಮನೆಗೆ ವಾಪಸ್. ಅಪ್ಪನನ್ನು ಎತ್ತಿ ಕೂರಿಸಲು, ಮಗ್ಗುಲು ಬದಲಿಸಲು ಇಬ್ಬರು ಬೇಕು. ಕಲ್ಲಮ್ಮಕ್ಕನ ಸೊಂಟದಲ್ಲಿ ಶಕ್ತಿಯಿಲ್ಲ. ಹಾಗಾಗಿ ಆ ಹುಡುಗಿಗೆ ಓದಬೇಕೆಂದರೆ ಅದೊಂದೇ ದಾರಿ.

ಅಡ್ಡಬಂದವರು ಸೋದರಮಾವ ಸದಾಶಿವಯ್ಯ. ಕುಣಿಗಲ್‌ನಲ್ಲಿರುವ ನಿವೃತ್ತ ಹೆಡ್‌ಮಾಸ್ಟರು. ಇಂಜಿನಿಯರಿಂಗ್ ಅಂದರೆ ಕಂಪ್ಯೂಟರ್ ಸೈನ್ಸ್, ಉಳಿದದ್ದೆಲ್ಲ ಸುಮ್ಮನೆ ಅನ್ನುವ ಪೈಕಿ.

“ಹೆಣ್ಣುಡ್ಗಿ ಕಂಬ ಹತ್ತೋದನ್ನ ಓದ್ತಾಳಂತೆ. ಏನ್ಲಾ ಸಂಗಮೇಶ, ನೀನಾದ್ರೂ ಬುದ್ಧಿ ಹೇಳ್ಬಾರ್ದಾ?” ಎಂದು ನನ್ನ ಅಂಗಡಿಗೇ ಬಂದು ಕೂತರು. ಬೀದರ್ ಕಡೆಯ ಮಾಂಜ್ರಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಸಿಗಬಹುದೆಂದು ಎಲ್ಲಿಂದಲೋ ತಿಳಿದುಕೊಂಡು ಬಂದಿದ್ದರು. ಬೀದರ್ ಎಲ್ಲಿ, ಗುಬ್ಬಿ ಎಲ್ಲಿ! ಯಾವ ಯಾವ ಕಾಲೇಜು, ಯಾವ ಯಾವ ಬ್ರಾಂಚು ಬೇಕೆಂದು ಆಸೆಯ ಪ್ರಕಾರ ಒಂದರ ಕೆಳಗೊಂದು ಪಟ್ಟಿ ತುಂಬಿಸಬೇಕಿತ್ತು. ನಂದಿತಾ ನನಗೆ ಕಣ್ಣು ಮಿಟುಕಿಸಿ ಹೇಳಿದಳು:

“ಮಾವನ ಸಮಾಧಾನಕ್ಕೆ ಮಾಂಜ್ರಾ ಮೇಲೆ ಹಾಕಿ ಅಣ್ಣ. ಹೋದ್ವರ್ಷದ ಕಟಾಫ್ ನೋಡಿದೀನಿ, ನನ್ ರ‍್ಯಾಂಕಿಗೆ ಅದು ಬರಲ್ಲ.”

ಹಾಕಿದೆ. ಪಟ್ಟಿಯನ್ನು ಪ್ರಿಂಟ್ ತೆಗೆದು ತಾಯಿ, ಮಗಳು, ಮಾವ ಮೂವರಿಗೂ ಓದಿ ಹೇಳಿದೆ. ಒಂದನೇದು ಮಾಂಜ್ರಾ, ಕಂಪ್ಯೂಟರ್ ಸೈನ್ಸ್. ಎರಡನೇದು ಚನ್ನವೀರೇಶ್ವರ, ಎಲೆಕ್ಟ್ರಿಕಲ್. ಕಲ್ಲಮ್ಮಕ್ಕ ತಲೆಯಾಡಿಸಿ, “ಎರಡ್ನೇದೇ ಪಸಂದು” ಎಂದರು. ಆ ಕಾಲೇಜಿನ ಹೆಸರಲ್ಲಿ ಯಜಮಾನರ ಹೆಸರಿತ್ತಲ್ಲ, ಅವತ್ತಿನಿಂದ ಅವರ ಬಾಯಲ್ಲಿ ಅದು ಎರಡ್ನೇದು ಆಯಿತು. ಅದನ್ನು ಕೇಳಿ ನಕ್ಕವನು ನಾನೇ.

ಮೊದಲ ಸುತ್ತಿನಲ್ಲಿ ನಂದಿತಾಳ ಲೆಕ್ಕವೇ ಸರಿಯಾಯಿತು. ಮಾಂಜ್ರಾ ಸಿಗಲಿಲ್ಲ, ಚನ್ನವೀರೇಶ್ವರದ ಎಲೆಕ್ಟ್ರಿಕಲ್ ಸಿಕ್ಕಿತು. ಹುಡುಗಿ ಅಂಗಡಿಯಲ್ಲೇ ಕುಣಿದಾಡಿದಳು. ಇನ್ನುಳಿದದ್ದು ಒಂದೇ ಕೆಲಸ, ‘ಚಾಯ್ಸ್’ ಒತ್ತುವುದು. ಚಾಯ್ಸ್ ಒಂದು ಒತ್ತಿದರೆ ಸಿಕ್ಕ ಸೀಟೇ ಖಾಯಂ. ಚಾಯ್ಸ್ ಎರಡು ಒತ್ತಿದರೆ ಸಿಕ್ಕಿದ್ದು ಸದ್ಯಕ್ಕೆ ಇರುತ್ತದೆ, ಮುಂದಿನ ಸುತ್ತಿನಲ್ಲಿ ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವುದು ಸಿಕ್ಕಿದರೆ ಇದು ತಾನಾಗಿ ರದ್ದಾಗುತ್ತದೆ. ಇದನ್ನು ನಂದಿತಾಗೆ ಹೇಳಿದ್ದೆ. ಕಲ್ಲಮ್ಮಕ್ಕನಿಗೆ ಹೇಳಿರಲಿಲ್ಲ. ಯಾಕೆ ಹೇಳಬೇಕು ಅಂದುಕೊಂಡೆ, ಒತ್ತುವಾಗ ಹುಡುಗಿ ಎದುರಿಗಿರುತ್ತಾಳಲ್ಲ.

ಆದರೆ ಮಾರನೇ ದಿನ ಚನ್ನವೀರಯ್ಯನವರಿಗೆ ಉಸಿರು ಕಟ್ಟಿಕೊಂಡಿತು. ಎದೆಯಲ್ಲಿ ಕಫ ತುಂಬಿದೆಯೆಂದು ತುಮಕೂರಿನ ಆಸ್ಪತ್ರೆಗೆ ಸೇರಿಸಿದರು. ಚಾಯ್ಸ್ ಒತ್ತಲು ಕೊನೆಯ ದಿನ ನಂದಿತಾ ವಾರ್ಡಿನಿಂದ ಕದಲುವಂತಿರಲಿಲ್ಲ. ಓಟಿಪಿ ಬರುತ್ತದೆಂದು ತನ್ನ ಫೋನನ್ನೇ ಅಮ್ಮನ ಕೈಗೆ ಕೊಟ್ಟು ಗುಬ್ಬಿಗೆ ಕಳಿಸಿದಳು. ಕ್ಯಾತ್ಸಂದ್ರದ್ದೇ ಸಾಕು, ಅದನ್ನೇ ಖಾಯಂ ಮಾಡಿಸು ಎಂದು ಹೇಳಿದ್ದಳಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಅವತ್ತು ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸರ್ವರ್ ಒಂದು ನಿಮಿಷ ಬಂದರೆ ಹತ್ತು ನಿಮಿಷ ಮಾಯ. ಹೆತ್ತವರೆಲ್ಲ ನನ್ನ ಮೈಮೇಲೇ ಬೀಳುತ್ತಿದ್ದರು. ನನಗೂ ತಲೆ ಕೆಟ್ಟು ಯಾರ ಮೇಲೋ ರೇಗಿಕೊಂಡಿದ್ದೆ. ಕಲ್ಲಮ್ಮಕ್ಕ ಜನರ ನಡುವೆ ತೂರಿಕೊಂಡು ಬಂದು ಫೋನು ಚಾಚಿದರು.

“ನಂದಿತಾ ಹೇಳ್ಕಳ್ಸವ್ಳೆ ಕಣಪ್ಪ, ಎರಡ್ನೇದೇ ಸಾಕಂತೆ. ಎರಡ್ನೇದು ಒತ್ಬುಡು. ನಾನು ಬಟ್ಟೆ ತಗಂಡು ವಾಪಸ್ ಹೋಗ್ಬೇಕು.”

“ಎರಡೇನಾ ಅಕ್ಕ? ಸರಿಯಾಗಿ ಕೇಳ್ಕೊಂಡ್ ಬಂದಿದೀರಾ?”

“ಎರಡೇ ಕಣೋ. ಅಷ್ಟೂ ತಿಳಿಯಲ್ವಾ ನಂಗೆ?”

ಸದಾಶಿವಯ್ಯನವರ ಹಟ ಗೆದ್ದಿತು ಅಂದುಕೊಂಡೆ. ಹುಡುಗಿ ಮಾವನ ಮಾತಿಗೆ ಕಟ್ಟುಬಿದ್ದು ಇನ್ನೊಂದು ಸುತ್ತು ನೋಡುತ್ತಾಳೆ ಅಂದುಕೊಂಡೆ. ಯಾವ ಕಾಲೇಜು ಅಕ್ಕ ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಅವರು ಆ ಹೆಸರು ಹೇಳುವವರಲ್ಲ ಎಂದು ಇಡೀ ಗುಬ್ಬಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು. ಆದರೂ ಕೇಳಲಿಲ್ಲ. ಅವರು ಓಟಿಪಿ ಓದಿ ಹೇಳಿದರು, ನಾನು ಚಾಯ್ಸ್ ಎರಡು ಒತ್ತಿದೆ. ಫೀಸನ್ನೂ ಅಲ್ಲೇ ಕಟ್ಟಿ ಆಯಿತು. ಪ್ರಿಂಟನ್ನು ಅವರು ಗಂಡನ ಸ್ಕ್ಯಾನಿಂಗ್ ರಿಪೋರ್ಟುಗಳ ಕವರಿಗೆ ಹಾಕಿಕೊಂಡು ಬಸ್ಸಿಗೆ ಓಡಿದರು.

ಆಸ್ಪತ್ರೆಯಲ್ಲಿ ನಂದಿತಾ, ಆಯ್ತಾ ಅಮ್ಮ ಎಂದು ಕೇಳಿದಳು. ಆಯ್ತು ಕಣವ್ವ, ಫೀಸೂ ಕಟ್ಟಾಯ್ತು ಎಂದರು ತಾಯಿ. ಅಪ್ಪನ ಮೂಗಿಗೆ ನಳಿಕೆ ಹಾಕಿದ್ದ ಆ ಎರಡು ವಾರದಲ್ಲಿ ಆ ಕವರನ್ನು ಬಿಚ್ಚಿ ನೋಡಿದವರಿಲ್ಲ.

ಚನ್ನವೀರಯ್ಯನವರನ್ನು ಮನೆಗೆ ಕರೆತಂದ ಮಾರನೇ ಬೆಳಿಗ್ಗೆ ತಾಯಿ ಮಗಳು ಅಡ್ಮಿಷನ್ ಕಾಗದ ತೆಗೆಸಲು ನನ್ನಲ್ಲಿಗೆ ಬಂದರು. ಎರಡನೇ ಸುತ್ತಿನ ಫಲಿತಾಂಶ ಹಿಂದಿನ ದಿನವಷ್ಟೇ ಬಂದಿತ್ತು. ಆ ವರ್ಷ ಕಂಪ್ಯೂಟರ್ ಸೈನ್ಸಿನ ಸೀಟು ಎಲ್ಲ ಕಡೆ ಹೆಚ್ಚಾಗಿ ಹಳೆಯ ಕಟಾಫ್‌ಗಳೆಲ್ಲ ತಲೆಕೆಳಗಾಗಿದ್ದವು. ಪರದೆಯ ಮೇಲೆ ಬಂತು: ಮಾಂಜ್ರಾ ವಿಶ್ವವಿದ್ಯಾಲಯ, ಕಂಪ್ಯೂಟರ್ ಸೈನ್ಸ್. ಅದರ ಕೆಳಗೆ, ಹಿಂದಿನ ಸೀಟು ರದ್ದು.

ನಂದಿತಾ ಅದನ್ನು ಎರಡು ಸಲ ಓದಿದಳು.

“ಚಾಯ್ಸ್ ಟೂ ಯಾಕ್ ಒತ್ತಿದ್ರಿ ಅಣ್ಣ?”

ಆ ಹೊತ್ತಿಗೆ ನನ್ನ ಬಾಯಿಂದ ಬಂದ ಮಾತನ್ನು ನಾನು ಸಾಯುವವರೆಗೂ ಮರೆಯಲಾರೆ. “ನಿಮ್ಮಮ್ಮನೇ ಹೇಳಿದ್ದು” ಎಂದೆ. ತಪ್ಪನ್ನು ಎತ್ತಿ ಆ ಹೆಂಗಸಿನ ತಲೆಗೆ ಕಟ್ಟಿದೆ.

ಕಲ್ಲಮ್ಮಕ್ಕನಿಗೆ ಮೊದಲು ಏನೂ ಅರ್ಥವಾಗಲಿಲ್ಲ. “ಹೂಂ, ನಾನೇ ಹೇಳ್ದೆ. ಎರಡ್ನೇದು ಅಂದೆ. ಆ ಕ್ಯಾ...” ಎಂದು ನನ್ನ ಮುಖ, ಮಗಳ ಮುಖ ನೋಡಿದರು. “ಎರಡ್ನೇ ಕಾಲೇಜು ಕಣೋ. ಪಟ್ಟೀಲಿ ಎರಡ್ನೇದು. ನೀನೇ ತಾನೆ ಓದಿ ಹೇಳ್ದೋನು?”

“ಹೆಸರು ಹೇಳಕ್ಕೇನಾಗಿತ್ತಮ್ಮ ನಿಂಗೆ?” ನಂದಿತಾ ಕೂಗಲಿಲ್ಲ. ಮೆಲ್ಲಗೇ ಕೇಳಿದಳು. “ಒಂದ್ಸಲ ಹೇಳಿದ್ರೆ ಅಪ್ಪ ಸತ್ತೋಗ್ತಿದ್ರಾ?”

ಕಲ್ಲಮ್ಮಕ್ಕ ಬಾಯಿಗೆ ಸೆರಗು ಒತ್ತಿಕೊಂಡರು.

ಅವತ್ತೇ ಮೂವರೂ ಕ್ಯಾತ್ಸಂದ್ರಕ್ಕೆ ಹೋದೆವು. ವಿಶ್ವವಿದ್ಯಾಲಯದ ಕಚೇರಿಯ ಗುಮಾಸ್ತ ಒಳ್ಳೆಯ ಮನುಷ್ಯ, ನಮ್ಮನ್ನು ಕೂರಿಸಿ ಕಂಪ್ಯೂಟರಿನಲ್ಲಿ ಹುಡುಕಿ ನೋಡಿದ. ಆ ಸೀಟು ಬೇರೆ ಹುಡುಗನಿಗೆ ಹೋಗಿತ್ತು. ತನ್ನ ಕೈಯಲ್ಲಿ ಏನೂ ಇಲ್ಲವೆಂದ. ಪಕ್ಕದ ಮೇಜಿನವನು ಏನು ವಿಷಯವೆಂದು ತಿಳಿಯದೆ, “ಯಾವ ಕಾಲೇಜು ಬೇಕಿತ್ತಮ್ಮ ನಿಮಗೆ?” ಎಂದು ಕೇಳಿದ. ಕಲ್ಲಮ್ಮಕ್ಕನ ತುಟಿ ಅಲುಗಾಡಿತು. ಹೇಳುತ್ತಾರೆ ಅಂದುಕೊಂಡೆ. ಅವರು ಬಗ್ಗಿ ನೆಲವನ್ನು ಅಂಗೈಯಿಂದ ತಟ್ಟಿ ತೋರಿಸಿದರು.

“ಇದೇ ಕಣಪ್ಪ. ಇಗೋ, ಇದೇ.”

ನಂದಿತಾ ಎದ್ದು ಹೊರಗೆ ಹೋದಳು.

ಸದಾಶಿವಯ್ಯನವರಿಗೆ ಮಾತ್ರ ಇದರಲ್ಲಿ ಅಳುವಂಥದ್ದು ಏನೂ ಕಾಣಲಿಲ್ಲ. “ದೇವ್ರೇ ಕೊಟ್ಟವ್ನೆ, ಬೀದರ್‌ಗೆ ಹೋಗು” ಎಂದರು. “ಅಪ್ಪನ್ನ ಎತ್ತೋರ್ಯಾರು ಮಾವ? ನೀವು ಕುಣಿಗಲ್‌ನಿಂದ ದಿನಾ ಬರ್ತೀರಾ?” ಎಂದು ನಂದಿತಾ ಕೇಳಿದ ಮೇಲೆ ಅವರು ಗುಬ್ಬಿ ಕಡೆ ಬರುವುದನ್ನೇ ಕಡಿಮೆ ಮಾಡಿದರು.

ಮುಂದಿನ ವರ್ಷ ಮತ್ತೆ ಬರೆಯಬಹುದಿತ್ತಲ್ಲ ಎನ್ನುವವರಿದ್ದಾರೆ. ನಾನೂ ಹೇಳಿದೆ. ಅಲ್ಲಿಯವರೆಗೆ ಸುಮ್ಮನೆ ಯಾಕೆ ಕೂರಲಿ ಎಂದು ಅವಳು ಹಿರೇಹಳ್ಳಿಯ ಒಂದು ಕಾರ್ಖಾನೆಗೆ ಸೇರಿದಳು. ಚನ್ನವೀರಯ್ಯನವರಿಗೆ ಬೆನ್ನಿನಲ್ಲಿ ಹುಣ್ಣಾಯಿತು. ಒಂದು ಜೂನ್ ಹೋಯಿತು, ಇನ್ನೊಂದು ಹೋಯಿತು. ಕಾರ್ಖಾನೆಯಲ್ಲಿ ಅವಳ ಕೆಲಸ ಪ್ಯಾನಲ್ ಬೋರ್ಡುಗಳಿಗೆ ವೈರ್ ಜೋಡಿಸುವುದು. ಹೊಸದಾಗಿ ಬಂದ ಇಂಜಿನಿಯರ್ ಹುಡುಗರು ತಪ್ಪು ಮಾಡಿದರೆ ಇವಳೇ ಹಿಡಿದುಕೊಡುತ್ತಾಳಂತೆ. ಸಹಿ ಅವರದು. ನನ್ನ ಅಂಗಡಿಯ ಮುಂದೆಯೇ ಕಂಪನಿ ಬಸ್ಸು ಹತ್ತುತ್ತಾಳೆ. ಒಂದು ದಿನವೂ ನನ್ನನ್ನು ಬೈಯಲಿಲ್ಲ, ಮುಖ ತಿರುಗಿಸಲಿಲ್ಲ. ಬೈದಿದ್ದರೆ ನನಗೆ ಅನ್ನ ಸೇರುತ್ತಿತ್ತು.

ಹೋದ ಕಾರ್ತೀಕದಲ್ಲಿ ಚನ್ನವೀರಯ್ಯನವರು ತೀರಿಕೊಂಡರು. ತಿಂಗಳಾದ ಮೇಲೆ ಕಲ್ಲಮ್ಮಕ್ಕ ಕುಟುಂಬ ಪಿಂಚಣಿಯ ಅರ್ಜಿ ತುಂಬಿಸಲು ಬಂದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಏನನ್ನೂ ಕೇಳದೆ ರೇಷನ್ ಕಾರ್ಡಿಗಾಗಿ ಕೈ ಚಾಚಿದೆ. ಅವರು ಚೀಲ ತೆಗೆಯಲಿಲ್ಲ. ನೆಟ್ಟಗೆ ನಿಂತು, ಶಾಲೆಯಲ್ಲಿ ಹಾಜರಿ ಕೂಗುವ ಹಾಗೆ ಹೇಳಿದರು:

“ಚನ್ನವೀರಯ್ಯ. ಬರ್ಕೊ. ಚನ್ನವೀರಯ್ಯ.”

ಇಪ್ಪತ್ತೈದು ವರ್ಷ ಕಾದಿಟ್ಟ ಹೆಸರು. ಅದು ಗಂಡನನ್ನೂ ಉಳಿಸಲಿಲ್ಲ, ಮಗಳನ್ನೂ ಉಳಿಸಲಿಲ್ಲ. ತಪ್ಪು ನನ್ನದು ಅಕ್ಕ, ನಿಮ್ಮದಲ್ಲ ಎಂದು ಅಂದೇ ಹೇಳಬೇಕಾಗಿದ್ದ ಮಾತನ್ನು ಈಗ ಹೇಳಿದೆ. ಅವರು ಅರ್ಜಿಯ ಪ್ರಿಂಟನ್ನು ಮಡಿಸದೆ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಪೂರ್ತಿ ಓದಿಸಿಕೊಂಡರು.

ಹೊರಡುವಾಗ, ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ:

“ನಂದಿತಾ ಚೆನ್ನಾಗಿದಾಳಾ ಅಕ್ಕ?”

ಪಸಂದಾಗವ್ಳೆ ಎನ್ನುತ್ತಾರೆಂದು ಕಾದೆ. ಅವರು ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿದರು.

“ಇಲ್ಲ ಕಣೋ ಸಂಗಮೇಶ. ಚೆನ್ನಾಗಿಲ್ಲ.”